ನಿಮಗಿದು ಗೊತ್ತೇ? ಹಳೇ ಲಾರಿಯ ಹಗಲು ದೀಪ

ಹುನಗುಂದದ ಬದಿಯ ಹೆದ್ದಾರಿಯಲ್ಲಿ ಲಾರಿಗಳಿಗೆ ಬಿಡುವಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್, ಬಾಗಲಕೋಟೆ ಸೀಮೆಯ ಸಿಮೆಂಟು, ಹಂಗಾಮು ಬಂದರೆ ಕಬ್ಬು, ಎಲ್ಲವೂ ರಸ್ತೆಯ ಮೇಲೆಯೇ. ಹೊಸ ಗಾಡಿಗಳ ಮುಂದೆ ಹಗಲಲ್ಲೇ ಬೆಳ್ಳಗೆ ಉರಿಯುವ ಡಿಆರ್‌ಎಲ್ ದೀಪವನ್ನು ಹಳೇ ಲಾರಿಗಳಿಗೂ ಹಾಕಿಸುವವರಿದ್ದಾರೆ. ಒಳ್ಳೆಯ ಕೆಲಸ. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಷ್ಟೋ ಗಾಡಿಗಳಲ್ಲಿ ಒಂದು ದೀಪ ಆರಿರುತ್ತದೆ, ಇನ್ನೊಂದು ಮಿಣುಕುತ್ತಿರುತ್ತದೆ. ಈ ದೀಪ ಏಕೆ ಬೇಕು, ಏಕೆ ಕೆಡುತ್ತದೆ, ಕೆಟ್ಟರೆ ಮೊದಲು ಎಲ್ಲಿ ಕೈಯಿಡಬೇಕು? ಒಂದೊಂದಾಗಿ ನೋಡೋಣ.

ಹಗಲಲ್ಲಿ ದೀಪ ಏಕೆ?

1. ಹೆಡ್‌ಲೈಟ್ ಡ್ರೈವರನಿಗೆ ದಾರಿ ತೋರಿಸುತ್ತದೆ. ಹಗಲು ದೀಪ ಎದುರಿನವರಿಗೆ ಗಾಡಿಯನ್ನು ತೋರಿಸುತ್ತದೆ. ಅದರ ಬೆಳಕು ರಸ್ತೆಗೆ ಬೀಳಬೇಕಿಲ್ಲ, ಎದುರಿನವರ ಕಣ್ಣಿಗೆ ಬಿದ್ದರೆ ಸಾಕು.

2. ಗಂಟೆಗೆ 60 ಕಿ.ಮೀ. ವೇಗದ ಲಾರಿಯೂ 80 ಕಿ.ಮೀ. ವೇಗದ ಕಾರೂ ಎದುರುಬದುರಾದರೆ ನಡುವಿನ ಅಂತರ ಸೆಕೆಂಡಿಗೆ ಸುಮಾರು 39 ಮೀಟರ್ ಕಡಿಮೆಯಾಗುತ್ತದೆ. 155 ಮೀಟರ್ ಮುಗಿಯಲು 4 ಸೆಕೆಂಡು ಸಾಕು. ಓವರ್‌ಟೇಕ್ ಮಾಡಲು ಹೊರಟವನಿಗೆ ಎದುರಿನ ಗಾಡಿ ಒಂದೇ ಸೆಕೆಂಡು ಮೊದಲು ಕಂಡರೂ 39 ಮೀಟರ್ ಉಳಿಯಿತು.

3. ಹುನಗುಂದದಿಂದ ಅಮೀನಗಡ ದಾಟಿ ಬಾಗಲಕೋಟೆಗೆ ಹೋಗುವ ದಾರಿ ಪಶ್ಚಿಮಕ್ಕೆ ಸಾಗುತ್ತದೆ. ಸಂಜೆ ಹೊತ್ತು ಸೂರ್ಯ ನೇರ ಗಾಜಿನ ಮೇಲೆ. ಆಗ ಎದುರಿನಿಂದ ಬರುವ ಲಾರಿಗೆ ಬೆನ್ನಿಗೆ ಬಿಸಿಲು, ಮುಖಕ್ಕೆ ನೆರಳು. ಆ ನೆರಳಿನಲ್ಲಿ ಉರಿಯುವ ಎರಡು ದೀಪಗಳೇ ಗಾಡಿಯ ಗುರುತು. ಬೆಳಿಗ್ಗೆ ಬಾಗಲಕೋಟೆಯಿಂದ ಹೊರಟವರಿಗೂ ಇದೇ ಪಾಡು.

4. ಒಂದು ಘನ ಮೀಟರ್ ಗ್ರಾನೈಟ್ ಕಲ್ಲು ಸುಮಾರು 2.6ರಿಂದ 2.7 ಟನ್ ತೂಗುತ್ತದೆ. ಅಂಥ ದಿಮ್ಮಿ ಹೇರಿದ ಲಾರಿ ಬ್ರೇಕ್ ಹಾಕಿದ ಕೂಡಲೇ ನಿಲ್ಲುವುದಿಲ್ಲ. ತಾನು ಬೇಗ ನಿಲ್ಲಲಾರದ ಗಾಡಿ ಬೇರೆಯವರಿಗೆ ದೂರದಿಂದಲೇ ಕಾಣಬೇಕು.

5. ಕ್ವಾರಿಯ ಧೂಳು, ಎರೆಹೊಲದ ಮಣ್ಣು ಕೂತ ಹಳೇ ಲಾರಿಯ ಬಣ್ಣ ರಸ್ತೆಯ ಬಣ್ಣದಲ್ಲೇ ಬೆರೆತುಹೋಗುತ್ತದೆ. ಮುಂದಿನ ಗಾಡಿ ಎಬ್ಬಿಸಿದ ಧೂಳಿನಲ್ಲಂತೂ ಬಣ್ಣಕ್ಕಿಂತ ಬೆಳಕೇ ಮೊದಲು ಕಾಣುವುದು.

6. ಯುಗಾದಿ ಹತ್ತಿರವಾದಂತೆ ಈ ಭಾಗದಿಂದ ಶ್ರೀಶೈಲಕ್ಕೆ ಪಾದಯಾತ್ರಿಗಳು ಹೊರಡುತ್ತಾರೆ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಜನ ಸೇರುತ್ತಾರೆ. ನಸುಕಿನಲ್ಲೇ ರಸ್ತೆಯಂಚಿನಲ್ಲಿ ನಡೆಯುವ ಇವರಿಗೆ ಲಾರಿ ಎಷ್ಟು ದೂರದಲ್ಲಿದೆ ಎಂದು ಹೇಳುವುದು ಅದರ ದೀಪವೇ.

ಬೇರೆ ದೇಶಗಳಲ್ಲಿ

7. ಹಗಲಲ್ಲೂ ದೀಪ ಹಚ್ಚಿ ಎಂಬ ನಿಯಮ ಮೊದಲು ಬಂದದ್ದು ಬೆಳಕು ಕಡಿಮೆ ಇರುವ ಉತ್ತರ ಯುರೋಪಿನಲ್ಲಿ. ಫಿನ್ಲೆಂಡ್ 1972ರಲ್ಲಿ ಚಳಿಗಾಲಕ್ಕೆ, ಊರ ಹೊರಗಿನ ರಸ್ತೆಗಳಿಗೆ ಮಾತ್ರ ಇದನ್ನು ತಂದಿತು. ಸ್ವೀಡನ್ 1977ರಲ್ಲಿ ವರ್ಷವಿಡೀ ಕಡ್ಡಾಯ ಮಾಡಿತು.

8. ಕೆನಡಾದಲ್ಲಿ 1989ರ ಡಿಸೆಂಬರ್ 1ರ ನಂತರ ತಯಾರಾದ ಹೊಸ ವಾಹನಗಳಿಗೆ ಹಗಲು ದೀಪ ಕಡ್ಡಾಯ. ಯುರೋಪಿನ ಒಕ್ಕೂಟದಲ್ಲಿ ಹೊಸ ಮಾದರಿಯ ಕಾರುಗಳಿಗೆ 2011ರ ಫೆಬ್ರವರಿಯಿಂದ, ಲಾರಿ-ಬಸ್ಸುಗಳಿಗೆ 2012ರ ಆಗಸ್ಟ್‌ನಿಂದ.

9. ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ? ನಾರ್ವೆಯ ಸಂಶೋಧಕ ರೂನೆ ಎಲ್ವಿಕ್ 1996ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ದೀಪ ಹಚ್ಚಿದ ಕಾರುಗಳಲ್ಲಿ, ಒಂದಕ್ಕಿಂತ ಹೆಚ್ಚು ವಾಹನ ಸೇರಿದ ಹಗಲಿನ ಅಪಘಾತ ಶೇ 10ರಿಂದ 15ರಷ್ಟು ಕಡಿಮೆ ಎಂದು ಕಂಡುಬಂತು. ಅಮೆರಿಕ ಸರ್ಕಾರದ 2008ರ ಅಧ್ಯಯನಕ್ಕೆ ಎಲ್ಲ ವಾಹನ ಸೇರಿಸಿ ನೋಡಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಪಿಕಪ್, ವ್ಯಾನ್‌ಗಳನ್ನು ಬೇರೆಯಾಗಿ ನೋಡಿದಾಗ ಎರಡು ವಾಹನಗಳ ಡಿಕ್ಕಿ ಶೇ 5.7ರಷ್ಟು ಇಳಿದಿತ್ತು.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ?

10. ನಮ್ಮ ದೇಶದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ತಾನಾಗಿ ಹತ್ತಬೇಕು. ಹಗಲಲ್ಲಿ ಬೈಕಿನ ದೀಪ ಉರಿಯುವುದಕ್ಕೆ ಸವಾರನ ಮರೆವು ಕಾರಣವಲ್ಲ. ಲಾರಿಗಳಿಗೆ ಅಂಥ ಕಡ್ಡಾಯವಿಲ್ಲ.

11. ಕಡ್ಡಾಯವಿಲ್ಲ ಎಂದರೆ ಹಗಲಲ್ಲಿ ದೀಪವೇ ಬೇಡ ಎಂದಲ್ಲ. ಕೇಂದ್ರ ಮೋಟಾರು ವಾಹನ ನಿಯಮ 105ರ ಪ್ರಕಾರ ಬೆಳಕು ಸಾಲದ ಯಾವುದೇ ಹೊತ್ತಿನಲ್ಲಿ ದೀಪ ಉರಿಯಬೇಕು. ಮುಂದಿನ ದೀಪದಲ್ಲಿ 155 ಮೀಟರ್ ದೂರದ ಜನ, ವಾಹನ ಸ್ಪಷ್ಟವಾಗಿ ಕಾಣಬೇಕು. ಮಂಜು, ಧೂಳು, ದಟ್ಟ ಮಳೆ ಇದ್ದರೆ ಮಧ್ಯಾಹ್ನ ಹನ್ನೆರಡಕ್ಕೂ ಇದು ಅನ್ವಯ.

12. ನಿಯಮ 106 ಇದರ ಇನ್ನೊಂದು ಮುಖ. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು.

13. ಗಾಡಿಯ ಮುಂದೆ ಕೆಂಪು ದೀಪ ಕಾಣಬಾರದು, ಹಿಂದೆ ಬಿಳಿ ದೀಪ ಕಾಣಬಾರದು. ನಂಬರ್ ಪ್ಲೇಟ್ ಮತ್ತು ರಿವರ್ಸ್ ದೀಪದಂಥವಕ್ಕೆ ವಿನಾಯಿತಿ ಇದೆ. ಗ್ರಿಲ್ ಒಳಗೆ ಕೆಂಪು ಎಲ್‌ಇಡಿ ಪಟ್ಟಿ ಅಂಟಿಸಿದ ಲಾರಿಯನ್ನು ದೂರದಿಂದ ನೋಡಿದವರು ಅದು ತಮ್ಮ ಮುಂದೆ ಹೋಗುತ್ತಿದೆ ಎಂದುಕೊಳ್ಳುತ್ತಾರೆ. ನಿಜದಲ್ಲಿ ಅದು ಎದುರಿಗೆ ಬರುತ್ತಿರುತ್ತದೆ.

14. 2024ರ ಜುಲೈ 1ರಿಂದ ಕಣ್ಣು ಕೋರೈಸುವ ಎಲ್‌ಇಡಿ ದೀಪದ ವಾಹನಗಳ ಮೇಲೆ ಪ್ರಕರಣ ದಾಖಲಿಸುವುದಾಗಿ ರಾಜ್ಯ ಪೊಲೀಸರು ಪ್ರಕಟಿಸಿದರು. ಲಾರಿ, ಬಸ್ಸುಗಳೂ ಇದರಲ್ಲಿ ಸೇರಿವೆ.

15. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಮಾಡಿಸಬೇಕು. ಬಾಗಲಕೋಟೆಯ ಕೆಎ-29 ನಂಬರಿನ ಹಳೇ ಲಾರಿಯಾದರೆ ವರ್ಷಕ್ಕೊಮ್ಮೆ ದೀಪಗಳ ಪರೀಕ್ಷೆಯೂ ಆಗಲೇಬೇಕು. ಎಫ್‌ಸಿ ದಿನಕ್ಕಷ್ಟೇ ಉರಿದು ಮರುದಿನ ಆರುವ ದೀಪದಿಂದ ರಸ್ತೆಯಲ್ಲಿ ಯಾರಿಗೂ ಉಪಯೋಗವಿಲ್ಲ.

ದೀಪ ಕೆಟ್ಟಿತು. ಎಲ್ಲಿ ನೋಡಬೇಕು?

16. ಮೊದಲು ಬ್ಯಾಟರಿ ನೋಡಿ. ಸಣ್ಣ ಸರಕು ಗಾಡಿಗಳು ಸಾಮಾನ್ಯವಾಗಿ 12 ವೋಲ್ಟ್. ದೊಡ್ಡ ಲಾರಿಗಳಲ್ಲಿ ಹಲವು 24 ವೋಲ್ಟ್. ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಎರಡು ಬ್ಯಾಟರಿ ಇದ್ದ ಮಾತ್ರಕ್ಕೆ 24 ಎಂದು ನಂಬಬೇಡಿ, ಮೀಟರ್ ಹಿಡಿದು ನೋಡಿ. 12ರ ಎಲ್‌ಇಡಿ ಪಟ್ಟಿಯನ್ನು 24ಕ್ಕೆ ಕೊಟ್ಟರೆ ಅದು ಬಹಳ ಹೊತ್ತು ಬಾಳುವುದಿಲ್ಲ.

17. ಒಂದೇ ಬದಿ ಆರಿದ್ದರೆ ಅನುಮಾನ ಬಲ್ಬ್, ಹೋಲ್ಡರ್, ಆ ಬದಿಯ ಅರ್ಥ್ ಮೇಲೆ. ಎರಡೂ ಬದಿ ಒಟ್ಟಿಗೇ ಆರಿದ್ದರೆ ಫ್ಯೂಸ್, ರಿಲೇ, ಸ್ವಿಚ್ ಮೇಲೆ. ಈ ಒಂದು ವಿಂಗಡಣೆಯಿಂದಲೇ ಅರ್ಧ ಹುಡುಕಾಟ ಕಡಿಮೆಯಾಗುತ್ತದೆ.

18. ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟೂ ಜೊತೆಗೇ ಮಿಣುಕುತ್ತದೆಯೇ? ಬ್ರೇಕ್ ತುಳಿದರೆ ಟೈಲ್ ಲೈಟ್ ಮಂಕಾಗುತ್ತದೆಯೇ? ಅಲ್ಲಿ ಅರ್ಥ್ ಕೆಟ್ಟಿದೆ. ಮರಳಿ ಹೋಗಲು ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ಮೂಲಕ ನುಗ್ಗುತ್ತಿರುತ್ತದೆ. ಅದಕ್ಕೇ ತಿಳಿದ ಮೆಕ್ಯಾನಿಕ್ ಹೇಳುವುದು: "ಮೊದಲ ಅರ್ಥ್ ನೋಡೂಣ ತಡೀರಿ, ಆಮ್ಯಾಲ ಬಲ್ಬ್ ತಗೊಳ್ಳಾಕ ಬರ್ತದ."

19. ಅರ್ಥ್ ಪರೀಕ್ಷೆಗೆ ಬೇಕಾದ್ದು ಒಂದು ಮಲ್ಟಿಮೀಟರ್, ಎರಡು ನಿಮಿಷ. ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಒತ್ತಿ. ಕ್ಲಾಂಪಿಗಲ್ಲ, ಸೀಸದ ಕಂಬಕ್ಕೆ. ಕೆಂಪು ಕಡ್ಡಿಯನ್ನು ದೀಪದ ಹೋಲ್ಡರಿನ ಅರ್ಥ್ ಭಾಗಕ್ಕೆ ಹಿಡಿಯಿರಿ. ದೀಪ ಆನ್ ಆಗಿರಬೇಕು, ಇದು ಮುಖ್ಯ. ಮೀಟರ್ ಸೊನ್ನೆಯ ಹತ್ತಿರ, 0.1 ಅಥವಾ 0.2 ತೋರಿಸಿದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಬೋಲ್ಟ್ ಬಿಚ್ಚಿ, ಚಾಸಿಯ ಪೇಂಟು, ತುಕ್ಕು ಕೆರೆದು, ಹೊಳೆಯುವ ಲೋಹಕ್ಕೆ ವಾಷರ್ ಕೂರಿಸಿ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ.

20. ಬ್ಯಾಟರಿಯ ಪ್ಲಸ್ ಕಂಬಕ್ಕೂ ದೀಪದ ಪ್ಲಸ್ ತುದಿಗೂ ನಡುವೆ ಇದೇ ಪರೀಕ್ಷೆ ಮಾಡಬಹುದು. ಅಲ್ಲಿ ಹೆಚ್ಚು ವೋಲ್ಟ್ ತೋರಿಸಿದರೆ ದೋಷ ಸ್ವಿಚ್, ರಿಲೇ, ಕನೆಕ್ಟರ್ ಇವುಗಳಲ್ಲಿ ಎಲ್ಲೋ ಇದೆ. ಒಂದೊಂದು ಜೋಡಣೆಗೂ ಕಡ್ಡಿ ಸರಿಸುತ್ತ ಬಂದರೆ ಜಾಗ ತಾನೇ ಸಿಗುತ್ತದೆ.

21. ಬಲ್ಬ್ ತೆಗೆದು ಖಾಲಿ ಹೋಲ್ಡರಿಗೆ ಮೀಟರ್ ಹಿಡಿದರೆ ಮೋಸ ಹೋಗಬಹುದು. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟ್ ತೋರಿಸುತ್ತದೆ. ಬಲ್ಬ್ ಹಾಕಿದ ಕೂಡಲೇ ಆ ಎಳೆ ಕರೆಂಟ್ ಹೊರಲಾರದೆ ವೋಲ್ಟ್ ಕುಸಿಯುತ್ತದೆ. ಹಳೇ ಗ್ಯಾರೇಜಿನ ಬಲ್ಬ್ ಕಟ್ಟಿದ ಟೆಸ್ಟ್ ಲ್ಯಾಂಪ್ ಇಂಥ ಕಡೆ ಹೆಚ್ಚು ನಂಬಿಕೆಗೆ ಅರ್ಹ, ಅದು ನಿಜವಾಗಿ ಕರೆಂಟ್ ಎಳೆದು ನೋಡುತ್ತದೆ.

22. ಹಾಲೊಜನ್ ಬಲ್ಬಿಗೆ ವೋಲ್ಟ್ ಶೇ 10ರಷ್ಟು ಕಡಿಮೆ ಬಂದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ವೋಲ್ಟ್ ಶೇ 5ರಷ್ಟು ಹೆಚ್ಚಾದರೆ ಬಲ್ಬಿನ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಪದೇ ಪದೇ ಬಲ್ಬ್ ಸುಡುತ್ತಿದ್ದರೆ ಅಲ್ಟರ್ನೇಟರ್ ಎಷ್ಟು ವೋಲ್ಟ್ ಕೊಡುತ್ತಿದೆ ನೋಡಿ. 12 ವೋಲ್ಟ್ ಗಾಡಿಯಲ್ಲಿ ಅದು ಸುಮಾರು 14, 24 ವೋಲ್ಟ್ ಗಾಡಿಯಲ್ಲಿ ಸುಮಾರು 28 ಇರಬೇಕು.

23. ತೆಳು ವೈರೂ ಬೆಳಕನ್ನು ತಿನ್ನುತ್ತದೆ. 12 ವೋಲ್ಟ್ ಗಾಡಿಯಲ್ಲಿ 55 ವ್ಯಾಟಿನ ಎರಡು ಬಲ್ಬುಗಳಿಗೆ 1.5 ಚದರ ಮಿ.ಮೀ. ತಾಮ್ರದ ಒಂದೇ ವೈರನ್ನು 6 ಮೀಟರ್ ಎಳೆದರೆ ಸುಮಾರು 0.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ಬೆಳಕು ಶೇ 15ರಷ್ಟು ಕಡಿಮೆ. ದೀಪದ ಹತ್ತಿರವೇ ರಿಲೇ ಕೂರಿಸಿ, ಬ್ಯಾಟರಿಯಿಂದ ದಪ್ಪ ವೈರ್ ಎಳೆಸುವುದು ಇದಕ್ಕೆ ಮದ್ದು. ಡ್ಯಾಶ್‌ಬೋರ್ಡಿನ ಸ್ವಿಚ್ಚೂ ಸುಡದೆ ಉಳಿಯುತ್ತದೆ.

24. ರಿಲೇಯ ಕಾಲುಗಳ ಮೇಲಿನ ಅಂಕಿಗಳಿಗೆ ಅರ್ಥವಿದೆ. 30 ಬ್ಯಾಟರಿಯಿಂದ ಬರುವುದು, 87 ದೀಪಕ್ಕೆ ಹೋಗುವುದು, 85 ಮತ್ತು 86 ಒಳಗಿನ ಕಾಯಿಲ್‌ನ ಎರಡು ತುದಿ. ಸ್ವಿಚ್ ಹಾಕಿದಾಗ ಟಕ್ ಎಂದರೂ ದೀಪ ಹತ್ತದಿದ್ದರೆ, 30ಕ್ಕೆ ಕರೆಂಟ್ ಬರುತ್ತಿದೆಯೇ, 87ರಿಂದ ಹೊರಗೆ ಹೋಗುತ್ತಿದೆಯೇ ನೋಡಿ. ಟಕ್ ಎನ್ನದಿದ್ದರೆ 85, 86ರ ವೈರ್ ನೋಡಿ.

25. ಸ್ವಿಚ್, ವೈರಿಂಗ್ ನಕ್ಷೆಗಳಲ್ಲಿ ಕಾಣುವ 15, 31, 58 ಜರ್ಮನಿಯ ಡಿಐಎನ್ ಮಾನದಂಡದ ಅಂಕಿಗಳು. 15 ಚಾವಿ ತಿರುಗಿಸಿದಾಗ ಬರುವ ಕರೆಂಟು, 31 ಅರ್ಥ್, 58 ಪಾರ್ಕಿಂಗ್ ಮತ್ತು ಟೈಲ್ ಲೈಟ್. 56ಎ ಹೈ ಬೀಮ್, 56ಬಿ ಡಿಮ್.

26. ಪಟ್ಟಿ ಫ್ಯೂಸುಗಳಿಗೆ ಬಣ್ಣವೇ ಗುರುತು. 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಸುಟ್ಟ ಕೆಂಪು ಫ್ಯೂಸಿನ ಜಾಗಕ್ಕೆ ಹಸಿರು ಹಾಕಿದರೆ, ಬೆಳ್ಳಿ ಕಾಗದ ಸುತ್ತಿ ತುರುಕಿದರೆ, ಮುಂದಿನ ಸಲ ಫ್ಯೂಸಿನ ಬದಲು ವೈರಿಂಗ್ ಸುಡುತ್ತದೆ. ಫ್ಯೂಸ್ ಹಾರಿತೆಂದರೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಲೋಡ್ ಹೆಚ್ಚಾಗಿದೆ. ಅದನ್ನು ಹುಡುಕುವುದೇ ಕೆಲಸ.

27. ಕುಣಿ ಹತ್ತಿಳಿದಾಗ ಆರಿ ಹತ್ತುವ ದೀಪಕ್ಕೆ ಕಾರಣ ಸಡಿಲ ಕನೆಕ್ಟರ್. ಬಿಚ್ಚಿ ನೋಡಿದರೆ ತಾಮ್ರದ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ನೀರು ಚಿಮ್ಮುವ ಕಡೆ ಬರೀ ಟೇಪ್ ಸುತ್ತಿದ ಜೋಡಣೆ ಉಳಿಯುವುದಿಲ್ಲ. ಕ್ರಿಂಪ್ ಮಾಡಿ ನೀರು ಹೋಗದಂತೆ ಸ್ಲೀವ್ ಹಾಕಿಸಿ.

28. ಹಂಗಾಮು ಮುಗಿದು ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇಲಿಗಳು ವೈರ್ ಕಡಿದಿರುತ್ತವೆ. ಓಡಿಸುವ ಮೊದಲು ಬಾನೆಟ್ ಕೆಳಗೆ, ಕ್ಯಾಬಿನ್ ಅಡಿಯಲ್ಲಿ ಒಮ್ಮೆ ಟಾರ್ಚ್ ಬಿಡಿ.

29. ಎಲ್‌ಇಡಿ ಬರುವ ಮೊದಲು ಅಮೆರಿಕದ ಹಲವು ಹಳೇ ಪಿಕಪ್‌ಗಳಲ್ಲಿ ಹೈ ಬೀಮ್ ಬಲ್ಬುಗಳೆರಡನ್ನೂ ಸರಣಿಯಲ್ಲಿ ಜೋಡಿಸಿ ಹಗಲು ದೀಪ ಮಾಡುತ್ತಿದ್ದರು. ಒಂದೊಂದಕ್ಕೆ ಬ್ಯಾಟರಿಯ ವೋಲ್ಟಿನ ಅರ್ಧ ಪಾಲು, ಬೆಳಕು ಹತ್ತರಲ್ಲೊಂದು ಪಾಲಿನಷ್ಟು. ಹಾಗಾಗಿ ಒಂದು ಬಲ್ಬ್ ಸುಟ್ಟರೆ ಎರಡೂ ಆರುತ್ತವೆ. ಹ್ಯಾಂಡ್‌ಬ್ರೇಕ್ ಎಳೆದಾಗ ದೀಪ ಆರುವ ಏರ್ಪಾಡೂ ಕೆಲವಲ್ಲಿ ಇತ್ತು. ಬ್ರೇಕಿನ ಸ್ವಿಚ್ ಅಂಟಿಕೊಂಡರೆ ಸಾಕು, ದೀಪ ಹತ್ತುವುದೇ ಇಲ್ಲ. ವೈರಿಂಗೆಲ್ಲ ಬಿಚ್ಚುವ ಮೊದಲು ಇಂಥ ಚಿಕ್ಕ ಸ್ವಿಚ್ ನೋಡಬೇಕು.

ಎಲ್‌ಇಡಿ ಹಾಕಿಸುವ ಮುನ್ನ

30. ಅಂತರರಾಷ್ಟ್ರೀಯ ನಿಯಮದಂತೆ ಹಗಲು ದೀಪ ನೆಲದಿಂದ 250ರಿಂದ 1,500 ಮಿ.ಮೀ. ಎತ್ತರದಲ್ಲಿರಬೇಕು, ಎರಡು ದೀಪಗಳ ಒಳ ಅಂಚಿನ ನಡುವೆ ಕನಿಷ್ಠ 600 ಮಿ.ಮೀ. ಇರಬೇಕು. ಎರಡೂ ಹತ್ತಿರ ಕೂತರೆ ದೂರದಿಂದ ಲಾರಿ ಬೈಕಿನಂತೆ ಕಾಣುತ್ತದೆ.

31. ಅದರ ಬೆಳಕಿಗೂ ಮಿತಿ ಇದೆ: 400 ಕ್ಯಾಂಡೆಲಾಗಿಂತ ಕಡಿಮೆ ಇರಬಾರದು, 1,200 ದಾಟಬಾರದು. ಎಂಜಿನ್ ಚಾಲೂ ಆದಾಗ ತಾನಾಗಿ ಹತ್ತಬೇಕು, ಹೆಡ್‌ಲೈಟ್ ಹಾಕಿದಾಗ ತಾನಾಗಿ ಆರಬೇಕು. ರಾತ್ರಿಯೂ ಉರಿಯುತ್ತಿದ್ದರೆ ಎದುರಿನವರ ಕಣ್ಣಿಗೆ ತೊಂದರೆ.

32. ನೇರ ಬ್ಯಾಟರಿಯಿಂದ ವೈರ್ ಕೊಟ್ಟರೆ ಗಾಡಿ ನಿಲ್ಲಿಸಿದ ಮೇಲೂ ದೀಪ ಉರಿಯುತ್ತದೆ. 21 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟ್ ಗಾಡಿಯಲ್ಲಿ 3.5 ಆಂಪಿಯರ್ ಎಳೆಯುತ್ತವೆ. ಹತ್ತು ತಾಸಿಗೆ 35 ಆಂಪಿಯರ್-ಅವರ್ ಖಾಲಿ. ಬೆಳಿಗ್ಗೆ ಸೆಲ್ಫ್ ತಿರುಗದಿದ್ದರೆ ಬ್ಯಾಟರಿಯನ್ನು ದೂರುವ ಮೊದಲು ಇದನ್ನು ನೋಡಿ.

33. ಇಂಡಿಕೇಟರಿಗೆ ಎಲ್‌ಇಡಿ ಹಾಕಿದ ಮೇಲೆ ಅದು ಪಟಪಟನೆ ಮಿನುಗತೊಡಗಿದರೆ ಹೆದರಬೇಡಿ. ಕರೆಂಟ್ ಕಡಿಮೆ ಹೋದ ಕಾರಣ ಹಳೇ ಫ್ಲ್ಯಾಶರ್ ಬಲ್ಬ್ ಸುಟ್ಟಿದೆ ಎಂದು ತಿಳಿಯುತ್ತದೆ. ಎಲ್‌ಇಡಿಗೆ ಹೊಂದುವ ಫ್ಲ್ಯಾಶರ್ ಹಾಕಿದರೆ ಸರಿಹೋಗುತ್ತದೆ. ನಿಮಿಷಕ್ಕೆ 60ರಿಂದ 120 ಸಲ ಮಿನುಗುವುದು ಸರಿಯಾದ ಲೆಕ್ಕ.

34. ಹಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಕೂತ ಜಾಗ ಹೆಚ್ಚು ಕಾಯ್ದು ಬಲ್ಬ್ ಬೇಗ ಸಾಯುತ್ತದೆ. ಸ್ವಚ್ಛ ಅರಿವೆಯಲ್ಲಿ ಹಿಡಿಯಿರಿ.

ಹಿಂದಿನ ದೀಪ ಮರೆಯಬೇಡಿ

35. ಮುಂದೆ ಹಗಲು ದೀಪ ಉರಿಯುತ್ತಿದೆ ಎಂದು ಹೆಡ್‌ಲೈಟ್ ಹಾಕದೆ ಮುಸ್ಸಂಜೆಯಲ್ಲಿ ಓಡಿಸುವವರಿದ್ದಾರೆ. ಆಗ ಹಿಂದೆ ಪೂರ್ತಿ ಕತ್ತಲೆ. ಕೆನಡಾ ಇದನ್ನು ಗಂಭೀರವಾಗಿ ಪರಿಗಣಿಸಿ 2021ರ ಸೆಪ್ಟೆಂಬರಿನಿಂದ ಹೊಸ ವಾಹನಗಳಿಗೆ ನಿಯಮ ಮಾಡಿತು. ಹಗಲು ದೀಪದ ಜೊತೆ ಹಿಂದಿನ ದೀಪವೂ ಉರಿಯಬೇಕು, ಇಲ್ಲವೇ ಕತ್ತಲಾದಾಗ ಎಲ್ಲ ದೀಪ ತಾನಾಗಿ ಹತ್ತಬೇಕು, ಇಲ್ಲವೇ ಡ್ಯಾಶ್‌ಬೋರ್ಡ್ ಕತ್ತಲಾಗಿಯೇ ಇದ್ದು ಡ್ರೈವರನನ್ನು ಎಚ್ಚರಿಸಬೇಕು.

36. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಆ ವರ್ಷದ ಅಪಘಾತಗಳಲ್ಲಿ ಐದಕ್ಕೆ ಒಂದರಷ್ಟು ಹಿಂದಿನಿಂದ ಗುದ್ದಿದವು. ನಿಂತ ಲಾರಿ, ನಿಧಾನಕ್ಕೆ ಸಾಗುವ ಕಬ್ಬಿನ ಟ್ರೇಲರ್ ಹಿಂದಿನಿಂದ ಕಾಣುವುದು ಎಷ್ಟು ಮುಖ್ಯ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

37. ಟ್ರೇಲರಿನ ಏಳು ಕಾಲಿನ ಪ್ಲಗ್ಗಿನಲ್ಲಿ ಅಂತರರಾಷ್ಟ್ರೀಯ ಮಾನದಂಡದಂತೆ 24 ವೋಲ್ಟಿನದಾದರೆ 1ನೇ ಕಾಲು ಅರ್ಥ್, 12 ವೋಲ್ಟಿನದಾದರೆ 3ನೇ ಕಾಲು. ಟ್ರೇಲರಿನ ದೀಪಗಳೆಲ್ಲ ಒಟ್ಟಿಗೇ ಹುಚ್ಚುಹುಚ್ಚಾಗಿ ಉರಿದರೆ ಮೊದಲು ಆ ಕಾಲನ್ನು ಉಜ್ಜಿ.

38. ಬ್ಯಾಟರಿ ಪೂರ್ತಿ ಸತ್ತರೂ ಕೆಲಸ ಮಾಡುವುದು ರಿಫ್ಲೆಕ್ಟರ್ ಪಟ್ಟಿ. ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು. ಅದರ ಮೇಲೆ ಧೂಳು ಕೂತರೆ ಅದೂ ಕುರುಡು. ಗಾಜು ಒರೆಸುವಾಗ ಅದನ್ನೂ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಮಾಲೀಕರಲ್ಲಿ, ಡ್ರೈವರ್ ಅಣ್ಣಂದಿರಲ್ಲಿ ಒಂದು ವಿನಂತಿ. ಹಳೇ ಲಾರಿಯ ದೀಪ ಕೆಡುವುದು ಬಹುಪಾಲು ತುಕ್ಕು ಹಿಡಿದ ಒಂದು ಬೋಲ್ಟಿನಿಂದ, ಸಡಿಲವಾದ ಒಂದು ಕನೆಕ್ಟರಿನಿಂದ. ಅದಕ್ಕೆ ದೊಡ್ಡ ಖರ್ಚಿಲ್ಲ. ಗಾಡಿಯಲ್ಲಿ ಎರಡು ಬಲ್ಬ್, ನಾಲ್ಕು ಫ್ಯೂಸ್, ಒಂದು ಟೆಸ್ಟ್ ಲ್ಯಾಂಪ್ ಇಟ್ಟುಕೊಳ್ಳಿ. ಲೋಡಾದ ಮೇಲೆ, ಹೊರಡುವ ಮುನ್ನ, ಎಲ್ಲ ದೀಪ ಹಾಕಿ ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಆರಿದ ದೀಪವನ್ನು ಮುಂದಿನ ಊರಿನಲ್ಲಿ ನೋಡೋಣ ಎಂದು ಬಿಡಬೇಡಿ, ಹೊರಡುವ ಊರಿನಲ್ಲೇ ಸರಿಮಾಡಿಸಿ.